ಭಜ್ಜಿಗೆ ಬಿದ್ದ ಎರಡು ಕೈ ಉಪ್ಪು

ನನ್ನ ನಾಲಿಗೆಗೆ ಲಗಾಮಿಲ್ಲ ಎಂದು ನಾಲತವಾಡದ ನನ್ನ ತವರಿನವರೇ ಹೇಳುತ್ತಾರೆ. ಅದು ಸುಳ್ಳಲ್ಲ. ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲಿ ಎರಡು ಒಲೆ ಆದದ್ದು ಬಟಾಟಿಯ, ಅಂದರೆ ಆಲೂಗಡ್ಡೆಯ, ಬಗ್ಗೆ ನಾನು ಆಡಿದ ಒಂದು ಮಾತಿನಿಂದ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಇಂಡಿ ಕಡೆಯವಳು. ಬಟಾಟಿಯನ್ನು ತೊಳೆದು ಸಿಪ್ಪೆ ಸಮೇತ ಹೆಚ್ಚಿ, ಶೇಂಗಾ ಪುಡಿ ಹಾಕಿ ಪಲ್ಯ ಮಾಡುತ್ತಾಳೆ. ನಾನು ಸಿಪ್ಪೆಯ ಒಂದು ಚೂರೂ ಉಳಿಯದಂತೆ ಹೆರೆಯುವವಳು. ಒಮ್ಮೆ ಅವಳ ತವರಿನವರು ಊಟಕ್ಕೆ ಕುಳಿತಿದ್ದಾಗ ಅಂದುಬಿಟ್ಟೆ: "ಸಿಪ್ಪಿ ಬಟಾಟಿ ನಮ್ಮ ಕಡೆ ದನಕ್ಕ ಹಾಕ್ತಾರ." ಅವಳ ತಾಯಿ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತರು. ಆ ತಿಂಗಳೇ ಮೈದುನ ಬೇರೆ ಒಲೆ ಹೂಡಿದ. ಹಿತ್ತಲಲ್ಲಿ ಎದೆಮಟ್ಟದ ಗೋಡೆ ಎದ್ದಿತು, ಹೊಲವೂ ಎರಡಾಯಿತು. ತಪ್ಪು ನನ್ನದು, ಅದು ನನಗೆ ಗೊತ್ತಿತ್ತು. ಆದರೂ ಹೋಗಿ "ತಪ್ಪಾತವ್ವ" ಅನ್ನಲು ಬಾಯಿ ಬರಲಿಲ್ಲ. ಬೇಡದ್ದು ಆಡಲು ಮಾತ್ರ ಅದು ಚುರುಕು.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಅಂದು ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಭೂತಾಯಿಗೆ ಎಡೆ ಹಿಡಿದು, ಎಡೆಯ ಅಡುಗೆಯನ್ನೇ ಚರಗವೆಂದು ಬೆಳೆಯ ನಡುವೆ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತೇವೆ. ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ ಎಷ್ಟೇ ಇರಲಿ, ಭಜ್ಜಿ ಇಲ್ಲದಿದ್ದರೆ ಅದು ಚರಗವೇ ಅಲ್ಲ. ಬಟಾಟಿ, ಗಜ್ಜರಿ, ಗೆಣಸು, ಮೂಲಂಗಿ, ಅವುಗಳ ಜೊತೆ ಹಸಿ ಕಡಲೆ, ಅವರೆ, ಮೆಂತ್ಯ ಸೊಪ್ಪು, ಎಲ್ಲವನ್ನೂ ಒಂದೇ ಗಡಿಗೆಯಲ್ಲಿ ಬೇಯಿಸಿ ಕಡಲೆ ಹಿಟ್ಟು, ಎಳ್ಳಿನ ಪುಡಿ ಕೂಡಿಸಿದ ಗಟ್ಟಿ ಪಲ್ಯ ಅದು.

ಅತ್ತೆ ನನ್ನನ್ನು ಕರೆದು ಹೇಳಿದರು: "ಒಲಿ ಎರಡು ಮಾಡ್ಕೊಂಡ್ರಿ, ಹೊಲ ಎರಡು ಮಾಡ್ಕೊಂಡ್ರಿ. ನಾ ಏನರ ಅಂದೇನೇನು? ಭಜ್ಜಿ ಗಡಿಗಿ ಎರಡಾತಂದ್ರ ಮಾತ್ರ ನಾ ಹೊಲಕ್ಕ ಬರಂಗಿಲ್ಲ. ಇನ್ನ ಎಂದೂ ಬರಂಗಿಲ್ಲ."

ಅತ್ತೆ ಆಡಿದ ಮಾತು ತಪ್ಪುವವರಲ್ಲ. ಏನೇ ಆಗಲಿ ಗಡಿಗೆ ಒಂದೇ ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಬಸವನ ಬಾಗೇವಾಡಿಯ ಸಂತೆಯಿಂದ ಗಡ್ಡೆ ಗೆಣಸು ತಂದೆ. ಅತ್ತೆಯ ಹಳೆಯ ದೊಡ್ಡ ಗಡಿಗೆಯನ್ನು ತೊಳೆದಿಟ್ಟೆ. ನೆಗೆಣ್ಣಿಗೆ ಅತ್ತೆಯ ಬಾಯಿಂದಲೇ ಹೇಳಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಅಂಗಳದಲ್ಲಿ ಕಲ್ಲು ಹೂಡಿ ಗಡಿಗೆ ಏರಿಸಿದೆ. ಅವಳು ಹೆಚ್ಚಿದ ಗಜ್ಜರಿ, ಮೂಲಂಗಿಯ ಬುಟ್ಟಿ ಹಿಡಿದು ಬಂದಳು. ನಾನು ರೊಟ್ಟಿ ಬಡಿಯಲು ಒಳಗೆ ಹೋದಾಗ ಅವಳು ಭಜ್ಜಿ ತಿರುವಿದಳು, ನಾನು ಬಂದೊಡನೆ ಅವಳು ಎದ್ದು ಹೋದಳು. ಎಡೆ ಹಿಡಿಯುವ ಮೊದಲು ಚರಗದ ಅಡುಗೆಯ ರುಚಿ ನೋಡುವಂತಿಲ್ಲ. ನಾನು ನನ್ನ ಅಳತೆಯ ಉಪ್ಪು ಹಾಕಿ ಮುಚ್ಚಳ ಮುಚ್ಚಿದೆ.

ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಪೂಜೆಯಾಯಿತು, ಗಂಡಸರು ಕೂಗುತ್ತಾ ಚರಗ ಚೆಲ್ಲಿ ಬಂದರು. ಎಲ್ಲರೂ ಊಟಕ್ಕೆ ಕುಳಿತೆವು. ಮೊದಲ ತುತ್ತಿಗೇ ನನ್ನ ಗಂಡ ನೀರಿನ ತಂಬಿಗೆಗೆ ಕೈ ಹಾಕಿದರು. ನಾನೂ ಬಾಯಿಗಿಟ್ಟೆ. ಉಪ್ಪು! ಕಣ್ಣಲ್ಲಿ ನೀರು ಬರುವಷ್ಟು ಉಪ್ಪು. ನೆಗೆಣ್ಣಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅವಳೂ ಹಾಕಿದ್ದಾಳೆ, ನಾನೂ ಹಾಕಿದ್ದೇನೆ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಮೈದುನ ತಟ್ಟೆ ಸರಿಸಿದ. "ಮುಂದಿನ ವರ್ಷ ಬ್ಯಾರೆ ಬ್ಯಾರೆ ಮಾಡೂಣು, ಈ ತ್ರಾಸ ಬ್ಯಾಡ."

ಅತ್ತೆ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿ ಸೆರಗು ಸರಿ ಮಾಡಿಕೊಂಡರು, ಏಳುವವರ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂದರೆ, ನನ್ನ ಮೇಲೆಯೇ.

"ಯಾರೂ ಏಳಬ್ಯಾಡ್ರಿ!" ಅಂದೆ. "ಅತ್ತಿ, ಕುಂದರ್ರಿ. ಈ ಗಡಿಗಿ ಖಾಲಿ ಆಗೂತನಕ ಯಾರನ್ನೂ ಮನಿಗೆ ಬಿಡಂಗಿಲ್ಲ."

ಮೂರು ಕಲ್ಲು ಹೂಡಿ, ತೊಗರಿ ಕಟ್ಟಿಗೆ ಮುರಿದು ಬೆಂಕಿ ಮಾಡಿದೆ. ಗಡಿಗೆ ಏರಿಸಿ ನೀರು ಸುರಿದೆ. ಇನ್ನು ಬೇಕಾದದ್ದು ಉಪ್ಪನ್ನು ಎಳೆದುಕೊಳ್ಳುವ ಗಡ್ಡೆ. ನನ್ನ ಹತ್ತಿರ ಒಂದೂ ಇರಲಿಲ್ಲ. ಅಷ್ಟರಲ್ಲಿ ನೆಗೆಣ್ಣಿ ಎದ್ದು ತನ್ನ ಪಾಲಿನ ಹೊಲದ ಗುಡಿಸಲಿಗೆ ಓಡಿದ್ದಳು. ಹತ್ತಿ ಬಿಡಿಸುವ ಆಳುಗಳ ಅಡುಗೆಗೆಂದು ಇಟ್ಟಿದ್ದ ಬಟಾಟಿಯನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು, ಅಲ್ಲಿದ್ದ ಈಳಿಗೆ ಮಣೆಯನ್ನೂ ಹಿಡಿದು ಬಂದಳು. ತೊಳೆದು ಈಳಿಗೆ ಮಣೆಯ ಮುಂದೆ ಕುಳಿತಳು. ಒಂದು ಬಟಾಟಿ ಕೈಗೆತ್ತಿಕೊಂಡು ಹೆಚ್ಚದೆ ಹಾಗೇ ಹಿಡಿದುಕೊಂಡಳು. ಸಿಪ್ಪೆ ಹೆರೆಯುತ್ತ ಕುಳಿತರೆ ಹೊತ್ತು ಹೋಗುತ್ತದೆ, ಹಸಿದವರು ಕಾಯುತ್ತಿದ್ದಾರೆ. ಆದರೆ ಹೆರೆಯದೆ ಹಾಕಲು ಅವಳಿಗೆ ಧೈರ್ಯವಿಲ್ಲ. ಕಾರಣ ನಾನು.

ನಾನು ಅವಳ ಪಕ್ಕದಲ್ಲಿ ಕುಳಿತೆ. "ಸಿಪ್ಪಿ ಇರ್ಲಿ ಬಿಡವ್ವ," ಅಂದೆ. "ಅವತ್ತ ನಿಮ್ಮವ್ವನ ಮುಂದ ನಾ ಅಂದದ್ದು ತಪ್ಪಾತು."

ಅವಳು ತಲೆ ಎತ್ತಲಿಲ್ಲ. ಮೂಗು ಏರಿಸಿಕೊಂಡಳು. ಆಮೇಲೆ ಈಳಿಗೆ ಮಣೆಯ ಮೇಲೆ ಬಟಾಟಿಯನ್ನು ಸಿಪ್ಪೆ ಸಮೇತ ಕರಕರ ಹೆಚ್ಚತೊಡಗಿದಳು.

ಗಡಿಗೆ ಬಾಯಿತನಕ ತುಂಬಿತು. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಬಡಿಸಿದೆವು. ಅತ್ತೆ ಸಿಪ್ಪೆ ಬಟಾಟಿಯ ಹೋಳೊಂದನ್ನು ನಿಧಾನವಾಗಿ ಅಗಿದು, "ಉಪ್ಪು ಒಂದೀಟು ಕಮ್ಮಿ ಆತು ನೋಡ್ರಿ" ಅಂದರು.

"ಇರ್ಲಿ ಬಿಡ್ರಿ ಅತ್ತಿ!" ಇಬ್ಬರೂ ಒಟ್ಟಿಗೇ ಕೂಗಿದೆವು. ಮೈದುನ ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಗೋಡೆ ಬಿದ್ದಿಲ್ಲ, ಒಲೆಯೂ ಎರಡೇ. ಆದರೆ ಮರುದಿನ ಬೆಳಿಗ್ಗೆ ನಾನು ಬಟಾಟಿ ಪಲ್ಯದ ಮುಂದೆ ನಿಂತಿದ್ದಾಗ ಗೋಡೆಯಾಚೆಯಿಂದ ದನಿ ಬಂತು.

"ಅಕ್ಕಾ, ಉಪ್ಪು ಹಾಕೀರೇನ್ರಿ?"

ಅವಳ ಪಲ್ಯ ಅವಳ ಒಲೆಯ ಮೇಲೆ ಕುದಿಯುತ್ತಿತ್ತು, ನನ್ನದನ್ನು ಕೇಳುವ ಅಗತ್ಯವೇ ಅವಳಿಗಿರಲಿಲ್ಲ. ಮುಷ್ಟಿಯಲ್ಲಿದ್ದ ಉಪ್ಪನ್ನು ಮತ್ತೆ ಡಬ್ಬಿಗೆ ಸುರಿದೆ.

"ಇನ್ನೂ ಇಲ್ಲವ್ವಾ," ಅಂದೆ. "ನೀನ ಬಂದು ಹಾಕು."