ಗೋಧಿ ದಾಟದ ಹೊಸ್ತಿಲು

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಹಿಟ್ಟಿನ ಗಿರಣಿಯ ಮುಂಬಾಗಿಲಿಗೆ ಬೀಗವಿದೆ. ಹಿಂದಿನ ಓಣಿಗೆ ತೆರೆಯುವ ಸಣ್ಣ ಬಾಗಿಲಿನಿಂದ ಮಾತ್ರ ಬೆಳಕು ಬರುತ್ತಿದೆ. ಒಳಗೆ ಐವತ್ತಾರರ ಹೆಂಗಸೊಬ್ಬರು ತಲೆಗೆ ಬಟ್ಟೆ ಬಿಗಿದುಕೊಂಡು, ಬೀಸುವ ಯಂತ್ರದ ಬಾಯಿಗೆ ಟಾರ್ಚ್ ಹಿಡಿದು ಇಣುಕುತ್ತಿದ್ದಾರೆ. ಆಮೇಲೆ ಅಗಲವಾದ ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳ ತುದಿಯಿಂದ ಸಾಲುಸಾಲಾಗಿ ಸರಿಸುತ್ತಾ ನೋಡುತ್ತಾರೆ. ಹುಡುಕುತ್ತಿರುವುದು ಕಲ್ಲನ್ನಲ್ಲ, ಹುಳವನ್ನೂ ಅಲ್ಲ, ಗೋಧಿಕಾಳನ್ನು.

“ಕಲ್ಲು ಸಿಕ್ಕಿದ್ರೆ ಹಲ್ಲಿಗೇ ಗೊತ್ತಾಗುತ್ತೆ, ಉಗಿದುಬಿಡ್ತಾರೆ. ಇದು ಗೊತ್ತಾಗೋದು ಹೊಟ್ಟೆಗೆ ಹೋದ ಮೇಲೆ,” ಎನ್ನುತ್ತಾರೆ, ಕಣ್ಣು ತಟ್ಟೆಯಿಂದ ಕದಲದೆ.

ಬಡಾವಣೆಗೆಲ್ಲ ಇವರು ಗಿರಣಿಯಕ್ಕ. ಅಕ್ಕಿ, ಜೋಳ, ಕಡಲೆ, ಇಷ್ಟೇ ಇವರ ಯಂತ್ರ ನುಂಗುವ ಕಾಳು. ಗೋಡೆಯ ಆಚೆ, ಮುಂಭಾಗದ ಗಿರಣಿಯಲ್ಲಿ, ಇವರ ಯಜಮಾನರು ದಿನವಿಡೀ ಗೋಧಿ ಬೀಸುತ್ತಾರೆ. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ ಆ ಗಂಡನಿಗೂ ಕೆಲಸದ ಬಟ್ಟೆಯಲ್ಲಿ ಈ ಕೋಣೆಗೆ ಪ್ರವೇಶವಿಲ್ಲ. ಚಹಾ ಬೇಕಾದರೆ ಓಣಿಯಲ್ಲಿ ನಿಂತು ಕೂಗಬೇಕು. “ಊರಿಗೆಲ್ಲ ಬಾಗಿಲು ತೆಗೀತಾಳೆ. ತಡೆ ಇರೋದು ನನಗೊಬ್ಬನಿಗೆ,” ಎಂದು ಅವರು ಮೈಮೇಲಿನ ಹಿಟ್ಟು ಕೊಡವಿಕೊಂಡು ನಗುತ್ತಾರೆ.

ಆದರೆ ಈ ಗೋಡೆ ಎದ್ದದ್ದು ನಗುವ ಕಾಲದಲ್ಲಲ್ಲ.

ಹದಿನೆಂಟು ವರ್ಷಗಳ ಹಿಂದೆ ದಂಪತಿಯ ಒಬ್ಬಳೇ ಮಗಳಿಗೆ ಆರು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ದಿನಕ್ಕೆ ಐದಾರು ಸಲ ಭೇದಿ. ಓರಗೆಯ ಮಕ್ಕಳು ಮೊಳದುದ್ದ ಬೆಳೆದರೂ ಇವಳ ಹಳೇ ಅಂಗಿ ಗಿಡ್ಡವಾಗಲಿಲ್ಲ. ತರಗತಿಯಲ್ಲಿ ಬೆಂಚಿಗೆ ತಲೆಯಿಟ್ಟು ಮಲಗಿಬಿಡುತ್ತಾಳೆಂದು ಶಾಲೆಯಿಂದ ದೂರು. ಗಿರಣಿಗೆ ಬಂದ ನೆರೆಯವರೊಬ್ಬರು, “ಊರಿಗೆಲ್ಲ ಹಿಟ್ಟು ಕೊಡ್ತೀರಿ, ಮಗಳಿಗೆ ಹಾಕಲ್ವಾ?” ಎಂದು ತಮಾಷೆಗೆ ಅಂದರು. “ಅವರು ಮರೆತಿರಬಹುದು. ನನಗೆ ಅವರು ನಿಂತಿದ್ದ ಜಾಗ ಕೂಡ ನೆನಪಿದೆ,” ಎನ್ನುತ್ತಾರೆ ಗಿರಣಿಯಕ್ಕ.

ನಾಲ್ಕನೆಯ ವೈದ್ಯೆ ಕಾಯಿಲೆಯನ್ನು ಹಿಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಬಾಯಿಯ ಮೂಲಕ ನಳಿಕೆ ಇಳಿಸಿ, ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಕಾಯಿಲೆ. ಗೋಧಿ ಹಿಟ್ಟನ್ನು ನಾದಿದಾಗ ಎಳೆಯೆಳೆಯಾಗಿ ಹಿಡಿದುಕೊಳ್ಳುವ ಅಂಟಿದೆಯಲ್ಲ, ಆ ಗ್ಲುಟೆನ್ ಹೊಟ್ಟೆಗೆ ಹೋದರೆ ಈ ಮಗುವಿನ ದೇಹ ತನ್ನ ಕರುಳಿನ ಮೇಲೆ ತಾನೇ ಯುದ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಮಾತ್ರೆಯಿಲ್ಲ. ಗೋಧಿ, ಬಾರ್ಲಿ, ರೈ ಎಂಬ ಕಾಳುಗಳನ್ನು ಬಿಡಬೇಕು, ಜೀವನಪೂರ್ತಿ.

ಮನೆಯಲ್ಲಿ ಅಂದಿನಿಂದಲೇ ಗೋಧಿ ನಿಂತಿತು. ಮಗಳಿಗೆ ಅಕ್ಕಿ ಹಿಟ್ಟು, ಜೋಳದ ಹಿಟ್ಟು. ನಾಲ್ಕು ತಿಂಗಳಾದರೂ ಭೇದಿ ನಿಲ್ಲಲಿಲ್ಲ. ಕದ್ದು ತಿನ್ನುತ್ತಿರಬೇಕೆಂದು ತಾಯಿ ಮಗಳನ್ನು ಗದರಿದರು, ಒಮ್ಮೆ ಹೊಡೆದೂಬಿಟ್ಟರು. ಕೊನೆಗೆ ವೈದ್ಯೆ ಕೇಳಿದರು: “ಅಕ್ಕಿ ಹಿಟ್ಟು ಎಲ್ಲಿಂದ ತರ್ತೀರಿ?”

“ತರೋದೇನು ಡಾಕ್ಟ್ರೇ, ನಮ್ಮದೇ ಗಿರಣಿ.”

“ಆ ಯಂತ್ರದಲ್ಲಿ ಬೇರೆ ಏನು ಬೀಸ್ತೀರಿ?”

ಗಿರಣಿಯಕ್ಕನಿಗೆ ಆಗ ಹೊಳೆಯಿತು. ಗೋಧಿ ಬೀಸಿದ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಚೀಲದ ಮಡಿಕೆಯಲ್ಲಿ ಉಳಿದ ಪುಡಿ, ಅಕ್ಕಿ ಹಿಟ್ಟಿನೊಂದಿಗೆ ಬೆರೆತು ದಿನವೂ ಮಗಳ ತಟ್ಟೆಗೆ ಬೀಳುತ್ತಿತ್ತು.

“ಅಂಗಡಿಯಿಂದ ತಂದಿದ್ರೆ ಅಂಗಡಿಯವರನ್ನ ಬೈಬಹುದಿತ್ತು. ನಾವೇ ಬೀಸಿದ್ದು, ನಾನೇ ಉಣಿಸಿದ್ದು. ಮೇಲಿಂದ ಅವಳಿಗೇ ಏಟು ಬೇರೆ ಕೊಟ್ಟಿದ್ದೆ,” ಎನ್ನುತ್ತಾರೆ.

ಆ ವಾರವೇ ಯಜಮಾನರು ಗಿರಣಿಗೂ ಹಿಂದಿನ ಸೌದೆ ಕೋಣೆಗೂ ನಡುವಿದ್ದ ಬಾಗಿಲು ಕಿತ್ತರು. ಗಾರೆ ಕೆಲಸ ಬಾರದಿದ್ದರೂ ತಾವೇ ಇಟ್ಟಿಗೆ ಜೋಡಿಸಿ ಮುಚ್ಚಿದರು. ಗೋಡೆ ಇವತ್ತಿಗೂ ಸೊಟ್ಟಗಿದೆ. ಸಣ್ಣದೊಂದು ಹೊಸ ಯಂತ್ರ ಬಂತು. ಗಿರಣಿಯಕ್ಕ ಅದರ ಒಡತಿಯೂ ಆದರು, ಆಳೂ ಆದರು. ಮೂರು ತಿಂಗಳಲ್ಲಿ ಮಗಳ ಹೊಟ್ಟೆ ಇಳಿಯಿತು. ವರ್ಷದೊಳಗೆ ಅಂಗಿಗಳು ಗಿಡ್ಡವಾದವು. ಇಂದು ಅವಳು ಮಕ್ಕಳಿಗೆ ಈಜು ಕಲಿಸುವ ಶಿಕ್ಷಕಿ.

ಒಂದು ಮಗುವಿಗೆಂದು ಶುರುವಾದ ಯಂತ್ರಕ್ಕೆ ಇಂದು ಅರವತ್ತಮೂರು ಮನೆಗಳು. ಹೆಚ್ಚಿನವರನ್ನು ಕಳಿಸಿದ್ದು ಅದೇ ವೈದ್ಯೆ. ದಿನಕ್ಕೆ ಸುಮಾರು ಐವತ್ತು ಕಿಲೋ ಹಿಟ್ಟು. ಬೀಸುವುದು ಎರಡೂವರೆ ಗಂಟೆಯ ಕೆಲಸ. ಕಾಳು ನೋಡುವುದಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ.

ಇವರು ಎಲ್ಲರಿಗೂ ಬೀಸಿಕೊಡುವುದಿಲ್ಲ. ಕಟ್ಟುಮಸ್ತಾದ ತರುಣನೊಬ್ಬ ತೂಕ ಇಳಿಸಲು ಗೋಧಿ ಬಿಡುತ್ತೇನೆಂದು ಬಂದಿದ್ದ.

“ಡಾಕ್ಟ್ರು ಹೇಳಿದ್ರಾ?”

“ಇಲ್ಲ ಅಕ್ಕಾ, ಫೋನಲ್ಲಿ ನೋಡಿದೆ.”

“ಹಂಗಾದ್ರೆ ಮುಂದಿನ ಬಾಗಿಲಿಗೆ ಹೋಗಪ್ಪ. ನಮ್ಮ ಯಜಮಾನರು ಒಳ್ಳೆ ಗೋಧಿ ಬೀಸ್ತಾರೆ. ಗೋಧಿ ಏನು ವಿಷ ಅಲ್ಲ. ಆಗದವರಿಗೆ ಆಗಲ್ಲ, ಅಷ್ಟೇ.”

ಮಗುವಿಗೆ ಈ ಕಾಯಿಲೆಯೇ ಇರಬಹುದೆಂದು ಗಾಬರಿಯಿಂದ ಬರುವ ತಾಯಂದಿರಿಗೆ ಹೇಳುವ ಮಾತು ಬೇರೆ: “ಮೊದಲು ಪರೀಕ್ಷೆ ಮಾಡಿಸಿ. ಅಲ್ಲಿವರೆಗೂ ಗೋಧಿ ಬಿಡಿಸಬೇಡಿ. ಈಗಲೇ ಬಿಡಿಸಿದ್ರೆ ಕಾಯಿಲೆ ಬಚ್ಚಿಟ್ಕೊಳ್ಳುತ್ತೆ, ಪರೀಕ್ಷೆಗೆ ಸಿಗಲ್ಲ.”

ಎರಡು ವರ್ಷಗಳ ಹಿಂದೆ ಇವರೂ ಒಮ್ಮೆ ಎಡವಿದರು. ಅಂದು ಮೈ ಕಾದಿತ್ತು. ಮೊಮ್ಮಗಳಿಗಾಗಿ ಜೋಳ ತಂದಿದ್ದ ವಯಸ್ಸಾದ ದರ್ಜಿಯೊಬ್ಬರ ಕಾಳನ್ನು ತಟ್ಟೆಗೆ ಹರಡದೆ ನೇರವಾಗಿ ಯಂತ್ರಕ್ಕೆ ಸುರಿದರು. ಅದಾದ ಮೇಲೆ ಇನ್ನೂ ಮೂರು ಮನೆಗಳ ಅಕ್ಕಿ ಬೀಸಿದರು. ಖಾಲಿ ಚೀಲ ಮಡಿಸುವಾಗ ಹೊಲಿಗೆಯ ಸಂದಿಯಲ್ಲಿ ಐದಾರು ಗೋಧಿಕಾಳು ಕಂಡವು. ಹಿಂದೆ ಆ ಚೀಲದಲ್ಲಿದ್ದದ್ದು ಗೋಧಿ.

ಯಂತ್ರ ನಿಲ್ಲಿಸಿ ಫೋನ್ ಹಿಡಿದರು. ದರ್ಜಿಯವರು ಸಿಕ್ಕರು, ಇನ್ನಿಬ್ಬರು ಸಿಕ್ಕರು, ನಾಲ್ಕನೆಯ ಮನೆಯವರು ಎತ್ತಲಿಲ್ಲ. ಜ್ವರದಲ್ಲೇ ಬಸ್ಸು ಹತ್ತಿ, ಮೂರು ಮಹಡಿ ಏರಿ ಬಾಗಿಲು ಬಡಿದರು. ತೆರೆದ ಹೆಂಗಸಿನ ಕೈಯೆಲ್ಲ ಹಿಟ್ಟು. ಹಿಂದೆ, ಮೇಜಿನ ಮುಂದೆ, ತಟ್ಟೆ ಇಟ್ಟುಕೊಂಡು ಕೂತಿದ್ದ ಮಗು. ಗಿರಣಿಯಕ್ಕ ನಡೆದದ್ದನ್ನು ಹೇಳಿದರು.

“ಐದಾರು ಕಾಳಿಗೆ ಇಷ್ಟು ದೂರ ಬಂದ್ರಾ?”

“ಅಷ್ಟು ಸಾಕಮ್ಮಾ ಮಗು ನರಳೋದಕ್ಕೆ. ಅದನ್ನ ಮುಟ್ಟಬೇಡಿ, ಬೇರೆ ತಂದಿದ್ದೀನಿ,” ಎಂದು ಮಗಳಿಗೆಂದು ಮನೆಯಲ್ಲಿಟ್ಟಿದ್ದ ಹಿಟ್ಟಿನ ಡಬ್ಬಿ ಚಾಚಿದರು.

ಗಿರಣಿ ಎರಡು ದಿನ ಮುಚ್ಚಿತು. ಕಲ್ಲು ಬಿಚ್ಚಿ ಉಜ್ಜಿದರು, ಬಟ್ಟೆಚೀಲ ಸುಟ್ಟು ಹೊಸದು ಕಟ್ಟಿದರು. ಉಳಿದ ಪುಡಿಯೂ ಹೋಗಲೆಂದು ಹತ್ತು ಕಿಲೋ ಅಕ್ಕಿ ಬೀಸಿ, ಆ ಹಿಟ್ಟನ್ನೆಲ್ಲ ಅಂಟು ಮಾಡಿಕೊಳ್ಳಲೆಂದು ಪುಸ್ತಕ ಕಟ್ಟುವವರಿಗೆ ಕೊಟ್ಟರು. ದರ್ಜಿಯವರು ಬಂದು ತಲೆ ತಗ್ಗಿಸಿ ನಿಂತಾಗ, “ಚೀಲ ನಿಮ್ಮದು, ಕಣ್ಣು ನನ್ನದಲ್ವಾ ಅಣ್ಣಾ? ನೋಡದೆ ಸುರಿದದ್ದು ನಾನು,” ಎಂದರು. ಅವರು ಆ ಚೀಲ ಎತ್ತಿಕೊಂಡು ಹೋದರು. ಹದಿನೈದು ದಿನ ಬಿಟ್ಟು, ಪ್ರತಿ ಮನೆಗೆ ಎರಡರಂತೆ ನೀಲಿ ಬಟ್ಟೆಯ ಚೀಲಗಳನ್ನು ಹೊಲಿದು ತಂದರು. ಹೊಲಿಗೆಯೆಲ್ಲ ಹೊರಗಡೆ, ಒಳಗೆ ಕಾಳು ಅಡಗಲು ಸಂದಿಯೇ ಇಲ್ಲ. ಈಗ ಬೇರೆ ಚೀಲದಲ್ಲಿ ತಂದವರಿಗೆ ಇಲ್ಲಿ ಬೀಸಿಕೊಡುವುದಿಲ್ಲ.

ಕಳೆದ ತಿಂಗಳಿನಿಂದ ಪ್ರತಿ ಶನಿವಾರ ದೂರದ ಊರಿನ ತಾಯಿಯೊಬ್ಬರು ಎರಡು ಬಸ್ಸು ಬದಲಿಸಿ ಬರುತ್ತಿದ್ದಾರೆ. ಸವೆದು ನುಣುಪಾದ ಕಲ್ಲಿಗೆ ಉಳಿಯಿಂದ ಹೇಗೆ ಮುಳ್ಳು ಹಾಕಿ ಒರಟಾಗಿಸಬೇಕು, ಕಾಳು ಹೇಗೆ ನೋಡಬೇಕೆಂದು ಗಿರಣಿಯಕ್ಕ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದಾರೆ. ಆ ಊರಿನಲ್ಲೂ ಇಂಥದೊಂದು ಗಿರಣಿ ಶುರುವಾದರೆ ಅಲ್ಲಿನ ಹನ್ನೊಂದು ಮನೆಗಳು ಇಲ್ಲಿಗೆ ಬರುವುದನ್ನು ನಿಲ್ಲಿಸುತ್ತವೆ.

“ಗಿರಾಕಿ ಕಳ್ಕೊಳ್ಳೋಕೆ ಪಾಠ ಹೇಳ್ತಿದ್ದಾಳೆ ನೋಡಿ,” ಎಂದು ಓಣಿಯಿಂದ ಯಜಮಾನರ ದನಿ.

ಗಿರಣಿಯಕ್ಕ ಆಗಷ್ಟೇ ಇಳಿದ ಹಿಟ್ಟಿಗೆ ಅಂಗೈ ಊರಿ ನೋಡುತ್ತಾರೆ.

“ಹೋಗ್ಲಿ ಬಿಡಿ. ಇಲ್ಲಿಂದ ಅವರ ಊರಿಗೆ ಹೋಗೋಷ್ಟರಲ್ಲಿ ಹಿಟ್ಟು ತಣ್ಣಗಾಗಿರುತ್ತೆ. ಆ ಹನ್ನೊಂದು ಮನೆ ಮಕ್ಕಳೂ ಒಂದ್ಸಲ ಬೆಚ್ಚಗಿರೋ ಹಿಟ್ಟು ಮುಟ್ಟಿ ನೋಡ್ಲಿ.”