ನನ್ನ ಮುಖಕ್ಕೆ ಕೊತ್ತಗೆರೆಯ ದನಿ

ನನ್ನ ಬಾಯಲ್ಲಿ ಇನ್ನೊಬ್ಬ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು ಚೆನ್ನೈನ ಸಾಲಿಗ್ರಾಮದ ಒಂದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡ ತೆಗೆದಾಗಿತ್ತು, ಇನ್ನರ್ಧಕ್ಕೆ ಸೋಪು ಹಚ್ಚಿತ್ತು. ಮೂಲೆಯ ಟಿವಿಯಲ್ಲಿ ಮಧ್ಯಾಹ್ನದ ತಮಿಳು ಧಾರಾವಾಹಿ ಶುರುವಾಯಿತು. ಅದರಲ್ಲಿ ನಾನು, ಮಗಳ ಮದುವೆ ಮುರಿದುಬಿದ್ದ ಅಪ್ಪ. ಅಂಗಡಿಯವನು ಒಮ್ಮೆ ಟಿವಿಯನ್ನೂ ಒಮ್ಮೆ ನನ್ನನ್ನೂ ನೋಡಿ ಕತ್ತಿ ಕೆಳಗಿಟ್ಟ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆಮೇಲೆ ಟಿವಿಯೊಳಗಿನ ನಾನು ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ. ಹಾಗಂತ ಗುರುತಿಲ್ಲದ ದನಿಯೂ ಅಲ್ಲ. ಅವತ್ತು ಬೆಳಿಗ್ಗೆ ಬಕೆಟ್ಟಿನ ವಿಷಯಕ್ಕೆ ನನ್ನ ಜೊತೆ ಜಗಳ ಆಡಿ ಹೋಗಿದ್ದ, ನನ್ನದೇ ರೂಮಿನ ಸಿದ್ದರಾಜುವಿನ ದನಿ.

ಗುಬ್ಬಿ ಕಡೆಯ ಹಳಬರಿಗೆ ನನ್ನ ಮುಖ ನೆನಪಿರಲಾರದು, ದನಿ ನೆನಪಿದ್ದರೂ ಇರಬಹುದು. ಊರು ಚೇಳೂರು. ನಾಟಕದ ಕಂಪನಿಯಲ್ಲಿ ಗಡ್ಡ ಮೀಸೆ ಅಂಟಿಸಿಕೊಂಡು ಋಷಿ, ಮಂತ್ರಿ, ಮಾವ ಎಲ್ಲ ಆಗಿದ್ದೆ. ಮೈಕು ಕೈಕೊಟ್ಟರೂ ಟೆಂಟಿನ ಕೊನೆಯ ಸಾಲಿನವರೆಗೆ ಮುಟ್ಟಿಸುತ್ತಿದ್ದೆ. 'ನಾಗರಾಜನ ಗಂಟಲು' ಅಂತಲೇ ಮಾತಿತ್ತು. ಮನೆಮನೆಗೆ ಟಿವಿ ಬಂದ ಮೇಲೆ ಟೆಂಟಿನ ಬೆಂಚುಗಳು ಖಾಲಿಯಾದವು, ಕಂಪನಿ ಮುಚ್ಚಿತು. ಜನ ಟಿವಿಯ ಮುಂದೆ ಕೂತರೆ ನಾನು ಟಿವಿಯ ಒಳಗೆ ಹೋಗುತ್ತೇನೆ ಅಂತ ಹಟ ಹಿಡಿದು ರೈಲು ಹತ್ತಿದೆ. ಮದ್ರಾಸು ಚೆನ್ನೈ ಆಗುತ್ತಿದ್ದ ಕಾಲ ಅದು. ಬಸ್ಸಿನ ಮೇಲೊಂದು ಹೆಸರು, ಜನರ ಬಾಯಲ್ಲೊಂದು ಹೆಸರು. ಊರೇ ಬದಲಾಗುತ್ತಿದ್ದರೆ ನಾನೂ ಬದಲಾಗಬಹುದು ಅಂತ ನನಗೆ ಸ್ವಲ್ಪ ಧೈರ್ಯವೂ ಬಂತು.

ಅಲ್ಲಿ ಒಂಟಿ ಗಂಡಸರು ಬಾಡಿಗೆಗಿರುವ ಕಟ್ಟಡಕ್ಕೆ 'ಮ್ಯಾನ್ಶನ್' ಅನ್ನುತ್ತಾರೆ. ಹೆಸರು ಕೇಳಿ ಬಂಗಲೆ ಅಂದುಕೊಂಡು ಹೋದರೆ ನಾಲ್ಕು ಮಹಡಿ, ಮಹಡಿಗೆ ಹನ್ನೆರಡು ಗೂಡು. ಚೇಳೂರಿನಲ್ಲಿ ನೀರು ಬೇಕೆಂದರೆ ಬಾವಿಗೆ ಬಿಂದಿಗೆ ಇಳಿಬಿಟ್ಟರಾಯಿತು. ಇಲ್ಲಿ ಲಾರಿ ಬಂದಾಗಲೇ ನೀರು, ಲಾರಿಯ ಸದ್ದಾದರೆ ನಟನೂ ಗುಮಾಸ್ತನೂ ಒಟ್ಟಿಗೇ ಕೆಳಗೆ ಓಡಬೇಕು. ನನ್ನ ಗೂಡಿನಲ್ಲಿ ಮೊದಲೇ ಇದ್ದವನು ಸಿದ್ದರಾಜು. ಕುಣಿಗಲ್ ಕಡೆಯ ಕೊತ್ತಗೆರೆಯವನು. ಚೆನ್ನೈನಂಥ ಊರಿನಲ್ಲಿ ತುಮಕೂರು ಜಿಲ್ಲೆಯವನೊಬ್ಬ ಸಿಕ್ಕಿದ್ದಕ್ಕೆ ಮೊದಲ ದಿನ ನನಗೆ ಅಳು ಬರುವುದೊಂದು ಬಾಕಿ.

ಅವನೂ ನಟನಾಗಲು ಬಂದವನೇ. ಒಂದು ಕಣ್ಣು ಮೆಳ್ಳೆ. ಕ್ಯಾಮೆರಾದ ಮುಂದೆ ನಿಲ್ಲಿಸಿದವರೆಲ್ಲ ನಕ್ಕು ಕಳಿಸಿದ್ದರು. ಎಂಟು ವರ್ಷ ಹೋಟೆಲಿನಲ್ಲಿ ಬಡಿಸುತ್ತಾ ಗಿರಾಕಿಗಳ ಬಾಯಿಂದಲೇ ತಮಿಳು ಕಲಿತು, ಈಗ ಡಬ್ಬಿಂಗ್ ಥಿಯೇಟರುಗಳಲ್ಲಿ ಗುಂಪಿನ ಗಲಾಟೆಗೆ, ಬಸ್ ಕಂಡಕ್ಟರಿಗೆ, ಪೊಲೀಸ್ ಪೇದೆಗೆ ದನಿ ಕೊಡುತ್ತಿದ್ದ. ನನಗೆ ತಮಿಳು ಹೇಳಿಕೊಟ್ಟವನೂ ಅವನೇ. ಮೊದಲ ವಾರವೇ ನಾನೊಂದು ರಂಪ ಮಾಡಿದ್ದೆ. ಬೀದಿ ತುದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ ಸರೋಜಾ ಎಂಬ ಹೆಂಗಸು 'ಕೂೞ್ ವೇಣುಮಾ' ಅಂತ ಕೇಳಿದಳು. ನನ್ನ ಕಿವಿಗೆ ಅದು ಕೂಳು. ನಮ್ಮ ಕಡೆ ಮರ್ಯಾದಸ್ಥನಿಗೆ ಯಾರಾದರೂ ಕೂಳು ಬೇಕಾ ಅಂತ ಕೇಳುತ್ತಾರೆಯೇ? ಕನ್ನಡದಲ್ಲೇ ಬೈದುಬಿಟ್ಟೆ. ಸಿದ್ದ ನಗು ತಡೆದುಕೊಂಡು ಬಿಡಿಸಿ ಹೇಳಿದ. ಕೂೞ್ ಅಂದರೆ ರಾಗಿ ಅಂಬಲಿ, ದೇವಿಗೂ ಎಡೆ ಇಡುವಂಥದ್ದು. ಅಲ್ಲಿ ಅನ್ನವೇ ಅನ್ನ, ಮುದ್ದೆ ಇಲ್ಲ ಅಂತ ಕೊರಗುತ್ತಿದ್ದ ನನಗೆ ರಾಗಿ ಸಿಕ್ಕಿದ್ದೇ ಆ ಗಾಡಿಯಲ್ಲಿ.

ನನ್ನನ್ನು ಕೆಡಿಸಿದ್ದೂ ಆ ೞ ಅಕ್ಷರವೇ. ಹಳೆಗನ್ನಡದಲ್ಲಿದ್ದು ಆಮೇಲೆ ನಾವು ಕೈಬಿಟ್ಟ ಅಕ್ಷರ. ನಾಲಗೆ ಹಿಂದಕ್ಕೆ ಮಡಿಸಬೇಕು, ಆದರೆ ಎಲ್ಲೂ ತಗುಲಬಾರದು. ನನ್ನ ನಾಲಗೆ ತಗುಲಿಯೇ ತಗುಲುತ್ತಿತ್ತು. ನನಗೆ ಸಿಕ್ಕ ಮೊದಲ ದೊಡ್ಡ ಪಾತ್ರದಲ್ಲಿ ಎದೆ ಹಿಡಿದುಕೊಂಡು 'ಎನ್ ವಾೞ್ಕೈಯೇ ಪೋಚ್ಚು' ಅನ್ನಬೇಕಿತ್ತು. ನನ್ನ ಬಾಳೇ ಹೋಯಿತು ಅಂತ. ನಾನು ಕಣ್ಣಲ್ಲಿ ನಿಜವಾದ ನೀರು ತಂದುಕೊಂಡು, ಕೊನೆಯ ಸಾಲಿಗೆ ಮುಟ್ಟುವ ಹಾಗೆ 'ಎನ್ ವಾಳಕ್ಕಾಯೇ ಪೋಚ್ಚು' ಅಂದೆ. ನನ್ನ ಬಾಳೆಕಾಯಿ ಹೋಯಿತು. ಲೈಟು ಹಿಡಿದವನು ನಗುತ್ತಾ ಕೂತೇಬಿಟ್ಟ. ಮಗಳ ಪಾತ್ರದ ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ಡೈರೆಕ್ಟರು ಮಾತ್ರ ನಗದೆ, ಮುಖ ಚೆನ್ನಾಗಿ ಬಂದಿದೆ, ದನಿಗೆ ಬೇರೆಯವರನ್ನು ನೋಡೋಣ ಅಂದರು. ಆ ಬೇರೆಯವನು ಯಾರು ಅಂತ ಕ್ಷೌರದಂಗಡಿಯಲ್ಲಿ ಗೊತ್ತಾಯಿತು.

ರೂಮಿಗೆ ಬಂದು ಅವನ ಚಾಪೆಯನ್ನು ಹೊರಗೆ ಎಸೆದೆ. ಸಿದ್ದ ಅದನ್ನು ಸುತ್ತಿಕೊಂಡು ಒಳಗೆ ಬಂದು, "ನಾನ್ ಒಪ್ಪದೆ ಇದ್ದಿದ್ರೆ ಇನ್ಯಾವನೋ ಮಾತಾಡ್ತಿದ್ದ ಕಣ್ಲಾ ನಾಗ. ನಿನ್ ಬಾಯಿ ಹೆಂಗೆ ಆಡ್ತದೆ ಅಂತ ನಂಗಾದ್ರೆ ಗೊತ್ತು," ಅಂದ. ಅದು ನಿಜವಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಮೂರು ವರ್ಷ ಹಾಗೇ ನಡೆಯಿತು. ನನ್ನಂಥವರನ್ನು ಅಲ್ಲಿ 'ಗುಣಚಿತ್ರ ನಟ' ಅನ್ನುತ್ತಾರೆ, ಅಂದರೆ ಪೋಷಕ ಪಾತ್ರದವನು. ಅಪ್ಪ, ಮಾವ, ಗುಡಿಯ ಧರ್ಮದರ್ಶಿ, ಎಲ್ಲವೂ ಆದೆ. ಬಸ್ಸಿನಲ್ಲಿ ಹೆಂಗಸರು ಗುರುತು ಹಿಡಿದು 'ಒಂದು ಮಾತಾಡಿ ಸಾರ್' ಅನ್ನುವರು. ನಾನು ಮಾತಾಡಿದ ಕೂಡಲೇ ಅವರ ಮುಖ ಸಪ್ಪಗಾಗುತ್ತಿತ್ತು. ನಿಮಗೆ ನೆಗಡಿಯೇ ಅಂತ ಒಬ್ಬಾಕೆ ಕೇಳಿದ್ದಳು. ಗುಬ್ಬಿಯಲ್ಲಿ ಗಡ್ಡದೊಳಗೆ ಮುಖ ಮುಚ್ಚಿ ದನಿ ಬೆಳೆದಿತ್ತು, ಚೆನ್ನೈನಲ್ಲಿ ದನಿ ಕಿತ್ತು ಮುಖ ಇಟ್ಟುಕೊಂಡರು. ಸಿದ್ದ ಶೀತವಾಗದಂತೆ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮಲಗಿದ್ದರೆ ಆ ಗಂಟಲನ್ನೇ ದಿಟ್ಟಿಸುತ್ತಿದ್ದೆ. ಅವನಿಗೆ ನೆಗಡಿಯಾಗಲಿ ಅಂತ ಬಯಸಿದ್ದೇನೆ, ಸುಳ್ಳೇಕೆ ಹೇಳಲಿ.

ಸರೋಜಕ್ಕನಿಗೆ ನನ್ನ ಕಷ್ಟ ಗೊತ್ತಾಗಿ ಒಂದು ನಿಯಮ ಮಾಡಿದಳು. ಸರಿಯಾಗಿ 'ಕೂೞ್' ಅನ್ನುವವರೆಗೆ ಲೋಟ ಕೊಡುವುದಿಲ್ಲ. ಎಷ್ಟೋ ಬೆಳಿಗ್ಗೆ ಹಸಿದುಕೊಂಡು ಶೂಟಿಂಗಿಗೆ ಹೋಗಿದ್ದೇನೆ. ಒಂದು ದಿನ ಸ್ಟುಡಿಯೋಗೆ ಹೊರಟಿದ್ದ ಡೈರೆಕ್ಟರು ಗಾಡಿಯ ಹತ್ತಿರ ಕಾರು ನಿಲ್ಲಿಸಿದ್ದರು. ನಾನು ಅವರನ್ನು ನೋಡದೆ ಕೂೞ್ ಕೇಳಿದೆ, ಅವತ್ತು ನಾಲಗೆ ಎಲ್ಲೂ ತಗುಲಲಿಲ್ಲ. ಅವರು ಇನ್ನೊಂದು ಸಲ ಹೇಳು ಅಂದರು, ಆಮೇಲೆ 'ವಾೞ್ಕೈ' ಹೇಳಿಸಿದರು. ಮುಂದಿನ ತಿಂಗಳ ಕಂತುಗಳಿಂದ ನಿನ್ನ ದನಿಯಲ್ಲೇ ಆಗಲಿ ಅಂದುಬಿಟ್ಟರು. ಆ ಸುದ್ದಿಯನ್ನು ನಾನು ಸಿದ್ದನಿಗೆ ಹೇಳಲಿಲ್ಲ. ಅದೇ ವಾರ ಊರಿಗೆ ಹೊರಟ ನನ್ನ ಕೈಗೆ ಅವನು ತನ್ನ ತಾಯಿಗೆ ಕೊಡಲು ಒಂದು ಸೀರೆ ಕೊಟ್ಟ, ಇಸಿದುಕೊಂಡೆ.

ತುಮಕೂರಿನ ಸದಾಶಿವನಗರದಲ್ಲಿ ನನ್ನ ಅಕ್ಕನ ಮನೆ. ಕೇಬಲ್ಲಿನಲ್ಲಿ ತಮಿಳು ಚಾನೆಲ್ಲೂ ಬರುತ್ತಿತ್ತು. ಭಾಷೆ ತಿಳಿಯದಿದ್ದರೂ ಅಕ್ಕಪಕ್ಕದವರು ಸೇರಿ ನನ್ನನ್ನು ನೋಡುತ್ತಿದ್ದರು. ಅಕ್ಕನಿಗೂ ಸುದ್ದಿ ಹೇಳಲಿಲ್ಲ, ತಾನೇ ಕೇಳಿ ಕುಣಿಯಲಿ ಅಂತ. ಮರುದಿನ ಕುಣಿಗಲ್ಲಿಗೆ ಹೋಗಿ ಕೊತ್ತಗೆರೆ ಬಸ್ಸು ಹಿಡಿದೆ. ಸೀರೆ ಕೊಡುವುದು ನೆಪ. ನಿಮ್ಮ ಮಗನ ದನಿ ಇನ್ನು ಬೇಡವಂತೆ ಅಂತ ಆ ತಾಯಿಗೆ ಹೇಳಿ, ಆ ಮುಖ ಹೇಗಾಗುತ್ತದೆ ನೋಡಬೇಕು ಅನ್ನುವ ಕೆಟ್ಟ ಆಸೆ ನನ್ನಲ್ಲಿತ್ತು.

ಸಿದ್ದನ ತಾಯಿ ಹೊನ್ನಮ್ಮನವರು ಬಾಗಿಲಲ್ಲಿ ನನ್ನನ್ನು ಕಂಡು ಬಾಯಿಗೆ ಕೈಯಿಟ್ಟುಕೊಂಡರು. ಮುಖವೆಲ್ಲ ಅರಳಿತ್ತು. ಸಿದ್ದರಾಜು ಸೀರೆ ಕಳಿಸಿದ್ದಾನೆ ಅವ್ವ ಅಂದೆ. ದನಿ ಕೇಳಿದ್ದೇ ಬಸ್ಸಿನ ಹೆಂಗಸರ ಹಾಗೆ ಇವರ ಮುಖವೂ ಇಳಿದುಹೋಯಿತು. ಸೀರೆಯನ್ನು ಬಿಚ್ಚಿಯೂ ನೋಡಲಿಲ್ಲ. ಧಾರಾವಾಹಿಯ ಹೊತ್ತಾಗಿತ್ತು. ಟಿವಿ ಹಾಕಿ, ಸ್ಟೂಲೊಂದನ್ನು ಅದರ ಪಕ್ಕಕ್ಕೇ ಎಳೆದು ನನ್ನನ್ನು ಕೂರಿಸಿದರು.

"ಮಾತಾಡ್ಬೇಡ ಕಣಪ್ಪ, ಒಂದ್ ಗಳಿಗೆ," ಅಂದರು.

ಟಿವಿಯಲ್ಲಿ ಸಿದ್ದ ಮಾತಾಡುತ್ತಿದ್ದ, ಅವರು ನನ್ನ ಮುಖ ನೋಡುತ್ತಿದ್ದರು. ನಾನು ತುಟಿ ಬಿಗಿದುಕೊಂಡು ಕೂತೆ. ಜಾಹೀರಾತು ಬಂದಾಗ ಅವರೇ ಮಾತು ತೆಗೆದರು.

"ಮೆಳ್ಳೆಗಣ್ಣ ಅಂತ ಎಲ್ರೂ ಆಡ್ಕೊಳೋರು ನನ್ ಮಗನ್ನ. ಟಿವಿಲಿ ಬರ್ತೀನವ್ವಾ ಅಂತ ಹೋದ. ಅವನ ಮಾತು ಬಂತು, ಅವನು ಬರ್ಲಿಲ್ಲ. ನಿನ್ ಕಂಡ್ರೆ ನಂಗೆ ಹೊಟ್ಟೆ ಉರೀತದೆ. ತಪ್ಪು ತಿಳ್ಕೋಬೇಡ."

ಹೊಟ್ಟೆಕಿಚ್ಚು ಪಡುವ ಹಕ್ಕು ನನಗೊಬ್ಬನಿಗೇ ಇದೆ ಅಂದುಕೊಂಡಿದ್ದವನು ನಾನು. ಹೇಳಬೇಕೆಂದು ಹೋಗಿದ್ದ ಮಾತನ್ನು ಹೇಳದೆ ಬಿಟ್ಟೆ. ಮುದ್ದೆ, ಹುರುಳಿಕಾಳು ಸಾರು ಬಡಿಸಿದರು, ತಲೆ ತಗ್ಗಿಸಿ ಉಂಡು ಬಸ್ಸು ಹತ್ತಿದೆ.

ಚೆನ್ನೈಗೆ ಹೋಗಿ ದೊಡ್ಡ ಮನಸ್ಸು ಮಾಡಿ ಅವಕಾಶ ಬಿಟ್ಟುಕೊಟ್ಟೆ ಅಂತ ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಬಿಟ್ಟುಕೊಡಲಿಲ್ಲ. ಡಬ್ಬಿಂಗಿನ ದಿನ ಮೈಕಿನ ಮುಂದೆ ನಿಂತೆ. ಸಿದ್ದನಿಗೆ ಅಷ್ಟರಲ್ಲಿ ಡೈರೆಕ್ಟರು ಹೇಳಿದ್ದರು. ಅವನು ಸಿಟ್ಟಾಗದೆ ಬಂದು ಪಕ್ಕದಲ್ಲೇ ನಿಂತು, ನನ್ನ ೞ ಜಾರಿದಲ್ಲೆಲ್ಲ ನಿಲ್ಲಿಸಿ ತಿದ್ದಿದ. ಕೊನೆಗೆ "ಸರಿಯಾಗೈತೆ ಬುಡು," ಅಂದು ಮಫ್ಲರ್ ಸುತ್ತಿಕೊಂಡು ಹೊರಗೆ ಹೋದ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಂತು ಪ್ರಸಾರವಾದ ಸಂಜೆ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿದೆ. ಹೇಗಿತ್ತು ಅಂತ ಕೇಳಿದೆ.

"ಯಾಕೋ ದನಿ ಬದಲಾಯ್ಸವ್ರೆ ಕಣೋ. ಮುಂಚಿಂದೇ ಚೆನ್ನಾಗಿತ್ತು. ಇದು ನೀನು ಫೋನಲ್ಲಿ ಮಾತಾಡ್ದಂಗೇ ಐತೆ."

ಅದು ನನ್ನದೇ ದನಿ ಅಂದೆ. ಆದರೂ ಆ ಮುಖಕ್ಕೆ ಮುಂಚಿನದೇ ಒಪ್ಪುತ್ತಿತ್ತು ಅಂದಳು ಅಕ್ಕ. 'ಆ ಮುಖ' ಅಂದಳು, ನಿನ್ನ ಮುಖ ಅನ್ನಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಚೆನ್ನೈನಲ್ಲಿ ನಾನು ಈಗಲೂ ಕನ್ನಡದವನು. ಗುಬ್ಬಿಗೆ ಬಂದರೆ ತಮಿಳು ಟಿವಿಯವನು. ಬಾಳು ಅನ್ನಬೇಕಾದ ಕಡೆ 'ಬಾೞು' ಅಂದುಬಿಡುತ್ತೇನಂತೆ, ಅಕ್ಕನ ಮಕ್ಕಳು ಅಣಕಿಸುತ್ತಾರೆ. ಸಿದ್ದ ಬೇರೆ ರೂಮು ಮಾಡಿದ. ಈಗ ಮಧುರೆ ಕಡೆಯ ಒಬ್ಬ ನಟನಿಗೆ ದನಿ ಕೊಡುತ್ತಾನೆ. ಮೊನ್ನೆ ಸರೋಜಕ್ಕನ ಗಾಡಿಯ ಹತ್ತಿರ ಸಿಕ್ಕಿದ್ದ. ತಾಯಿಯ ಸಮಾಚಾರ ಕೇಳಿದೆ. "ಟಿವಿ ನೋಡ್ತಾಳೆ. ಆದ್ರೆ ಈ ಮುಖ ಸರಿ ಹೋಗಲ್ವಂತೆ, ಆ ಚೇಳೂರಿನೋನ್ದೇ ಚೆನ್ನಾಗಿತ್ತು ಅಂತಾಳೆ," ಅಂದು ನಕ್ಕ.

ನನಗೆ ನಗು ಬರಲಿಲ್ಲ. ಆ ಮಧುರೆಯವನನ್ನು ಟಿವಿಯಲ್ಲಿ ನೋಡಿದ್ದೇನೆ. ಅವನು ಎದೆ ಹಿಡಿದುಕೊಂಡು ಬಾಯಿ ತೆರೆಯುತ್ತಾನೆ, ಕೊತ್ತಗೆರೆಯ ದನಿ ಬರುತ್ತದೆ, ನನ್ನ ತುಟಿ ತಾನಾಗಿ ಅಲ್ಲಾಡುತ್ತದೆ. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಅವನ ಮುಖದ ಮೇಲೆ.