ಕೇಳಿದವರ ಪಟ್ಟಿ

ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನೊಳಗೆ ಯಾವಾಗಲೂ ಸೀಮೆಸುಣ್ಣದ ಪುಡಿ ತುಂಬಿಕೊಂಡಿರುತ್ತಿತ್ತು. ಬಲಗೈ ಇದ್ದರೂ ಇರಬಹುದು. ಜೊತೆಗೆ ಓದಿದ ಇಬ್ಬರನ್ನು ಕೇಳಿದೆ. ಒಬ್ಬ ಎಡಗೈಯೇ ಎಂದ, ಇನ್ನೊಬ್ಬ ನಕ್ಕುಬಿಟ್ಟ. ಇಷ್ಟು ಸಣ್ಣ ವಿಷಯವೇ ಖಚಿತವಿಲ್ಲದಿರುವಾಗ, ಒಂದು ಗುರುವಾರ ಅವರು ತರಗತಿಯಲ್ಲಿ ಏನು ಹೇಳಿದರು, ಹೇಳುವಾಗ ನಾನು ಅಲ್ಲಿದ್ದೆನೇ ಎಂಬುದನ್ನು ಯಾವ ಧೈರ್ಯದಿಂದ ಬರೆಯಲಿ? ಆದರೂ ಬರೆಯಬೇಕು. ಆ ಗುರುವಾರದ ಬಗ್ಗೆ ನಾನು ಕೊಟ್ಟ ಹೇಳಿಕೆಯಿಂದ ಅವರ ಕೆಲಸ ಹೋಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಕೆಳಗೆ ಹಾಸಿಗೆ ಹೊಲಿಯುವ ಅಂಗಡಿ, ಮೇಲೆ ನಮ್ಮ ಕಾಲೇಜು. ಟ್ರಸ್ಟೊಂದು ನಡೆಸುತ್ತಿದ್ದ ಸಣ್ಣ ಕಾಲೇಜು. ಮೂರು ವರ್ಷ ಓದಿದರೆ ಇಸ್ಲಾಮಿಕ್ ಅಧ್ಯಯನ ಮತ್ತು ಬೋಧನೆಯಲ್ಲಿ ಪದವಿ. ನಾನು ಸೇರಿದ್ದು ಭಕ್ತಿಯಿಂದಲ್ಲ. ಬೇರೆಲ್ಲೂ ಸೀಟು ಸಿಗಲಿಲ್ಲ. ಇದನ್ನು ಮುಗಿಸಿದರೆ ಯಾವುದಾದರೂ ಶಾಲೆಯಲ್ಲಿ ಕೆಲಸ ಸಿಗುತ್ತದೆ ಎಂದು ಅಮ್ಮ ನಂಬಿದ್ದರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಅರಬ್ಬಿಯನ್ನು ಓದಲು ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ತರಗತಿಯ ಹತ್ತೊಂಬತ್ತು ಜನರಲ್ಲಿ ಹೆಚ್ಚಿನವರದು ಇದೇ ಸ್ಥಿತಿ. ಅದಕ್ಕೇ ಮೇಷ್ಟ್ರು ಕನ್ನಡದಲ್ಲಿ ಪಾಠ ಮಾಡುತ್ತಿದ್ದರು. ಅವರು ಸಿರಾ ಕಡೆಯವರು. ಮೊದಲ ದಿನ ಯಾರೋ ಉಸ್ತಾದ್ ಎಂದು ಕರೆದಾಗ, "ಅಷ್ಟು ದೊಡ್ಡ ಹೆಸ್ರು ಬೇಡಪ್ಪ. ಮೇಷ್ಟ್ರೇ ಅನ್ನಿ, ಸಾಕು" ಎಂದರು.

ಅವರು ಕಲಿಸುತ್ತಿದ್ದದ್ದು ಹದೀಸ್. ಅಂದರೆ ಪ್ರವಾದಿಯವರು ಹೀಗೆ ಹೇಳಿದರು, ಹೀಗೆ ನಡೆದುಕೊಂಡರು ಎಂಬ ವರದಿಗಳು. ಆದರೆ ವರದಿಗಿಂತ ಮೊದಲು ಅವರು ವರದಿ ಮಾಡಿದವರನ್ನು ಕಲಿಸಿದರು. ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂಬ ಸರಪಳಿ ಪ್ರತಿ ಮಾತಿನ ಹಿಂದೆಯೂ ಇರಬೇಕು. ಸರಪಳಿಯ ಒಬ್ಬೊಬ್ಬನ ನೆನಪೂ ಗಟ್ಟಿಯಾಗಿರಬೇಕು. ತನಗೆ ಹೇಳಿದವನನ್ನು ಅವನು ನಿಜವಾಗಿ ಭೇಟಿಯಾಗಿರಬೇಕು. ಒಂದು ಸಲ ಸುಳ್ಳು ಹೇಳಿದನೆಂದು ಸಾಬೀತಾದರೆ, ಆಮೇಲೆ ಅವನು ಹೇಳುವ ನಿಜವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ.

ಈ ಶಾಸ್ತ್ರವನ್ನು ಅವರು ಪುಸ್ತಕದೊಳಗೆ ಬಿಡಲಿಲ್ಲ. ಒಂದು ದಿನ ನಾನು ಎದ್ದು ನಿಂತು, "ಮೇಷ್ಟ್ರೇ, ನಾಳೆ ಬಸ್ ಸ್ಟ್ರೈಕಂತೆ, ರಜಾ ಕೊಟ್ಬಿಡಿ" ಎಂದೆ.

"ಯಾರಿಂದ ಕೇಳ್ದೆ?"

"ಕಂಡಕ್ಟರಿಂದ."

"ಕಂಡಕ್ಟರು ಯಾರಿಂದ?"

"ಡಿಪೋದಲ್ಲಿ ಹೇಳಿರ್ತಾರೆ."

"ಹೇಳಿರ್ತಾರೆ ಅನ್ನೋದು ನಿನ್ನ ಊಹೆ. ಅಲ್ಲಿಗೆ ಸರಪಳಿ ಕಿತ್ಕೊಳ್ತು. ನಾಳೆ ಹತ್ತೂವರೆಗೆ ಬಂದ್ಬಿಡು."

ಮರುದಿನ ಒಂದು ಬಸ್ಸೂ ಇರಲಿಲ್ಲ. ಮೇಷ್ಟ್ರು ನಡೆದೇ ಬಂದರು. ಶರ್ಟಿನ ಬೆನ್ನು ಪೂರ್ತಿ ಒದ್ದೆ. "ಸುದ್ದಿ ನಿಜ ಕಣಯ್ಯ" ಎಂದು ಕುರ್ಚಿಯಲ್ಲಿ ಕೂತರು. "ಆದ್ರೂ ನಿನ್ನ ಸರಪಳಿ ವೀಕೇ."

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಪಾಠ ಮುಗಿದ ಮೇಲೆ ಉದ್ದನೆಯ ನೋಟ್‌ಬುಕ್ ತೆಗೆದು, ಅಂದು ಪಾಠ ಕೇಳಿದವರ ಪಟ್ಟಿ ಬರೆಯುತ್ತಿದ್ದರು. ಹಿಂದೆ ಡಮಾಸ್ಕಸ್ಸಿನಂಥ ಊರುಗಳಲ್ಲಿ ಗ್ರಂಥವೊಂದನ್ನು ಓದಿ ಹೇಳಿದರೆ ಅದರ ಕೊನೆಯ ಹಾಳೆಯಲ್ಲಿ ಕೇಳಿದವರ ಹೆಸರು ದಾಖಲಾಗುತ್ತಿತ್ತಂತೆ. ತಡವಾಗಿ ಬಂದವನು, ತೂಕಡಿಸಿದವನು, ಪಕ್ಕದವನ ಜೊತೆ ಹರಟಿದವನು, ಎಲ್ಲರೂ ಹಾಗೆಂದೇ ಅದರಲ್ಲಿ ನಮೂದಾಗುತ್ತಿದ್ದರು. ಕೇಳದೆ ಇದ್ದದ್ದನ್ನು ಯಾರೂ ನಾಳೆ ಕೇಳಿದೆ ಎನ್ನಬಾರದು. ಮೇಷ್ಟ್ರು ಅದನ್ನು ನಮ್ಮ ಹತ್ತೊಂಬತ್ತು ಜನರಿಗೆ ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಹಿಂದಿನ ಬೆಂಚಿನವನೊಬ್ಬ ಒಮ್ಮೆ, "ನಾನು ಮಲಗಿರ್ಲಿಲ್ಲ ಮೇಷ್ಟ್ರೇ, ಕಣ್ಮುಚ್ಕೊಂಡು ಕೇಳ್ತಿದ್ದೆ" ಎಂದು ತಕರಾರು ತೆಗೆದ.

"ಗೊರಕೆ ಹೊಡ್ಕೊಂಡು ಕೇಳ್ತಿದ್ದ ಅಂತ ಬರ್ಕೊಳ್ಲಾ?"

ಬೋಧನೆಯ ಅಭ್ಯಾಸಕ್ಕೆ ನಾವು ಸುತ್ತಲಿನ ಪ್ರಾಥಮಿಕ ಶಾಲೆಗಳಿಗೆ ಹೋಗಬೇಕಿತ್ತು. ನನ್ನ ಮೊದಲ ಪಾಠದಲ್ಲಿ ಹುಡುಗಿಯೊಬ್ಬಳು ಮೀನು ನಿದ್ದೆ ಮಾಡುತ್ತದೆಯೇ ಎಂದು ಕೇಳಿದಳು. ಮಾಡುವುದಿಲ್ಲ ಎಂದು ಗತ್ತಿನಿಂದ ಹೇಳಿದೆ. ಹಿಂದೆ ಕೂತಿದ್ದ ಮೇಷ್ಟ್ರು ಪಾಠ ಮುಗಿದ ಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು.

"ಮೀನಿನ ವಿಷಯ ಯಾರಿಂದ ಕೇಳ್ದೆ?"

ನಾನು ಹಲ್ಲು ಕಿರಿದೆ.

"ವಾಪಸ್ ಹೋಗಿ ಗೊತ್ತಿಲ್ಲ ಅಂತ ಹೇಳ್ಬಾ."

"ಮಕ್ಕಳ ಮುಂದೆ ಮರ್ಯಾದೆ ಹೋಗುತ್ತೆ ಮೇಷ್ಟ್ರೇ."

"ಹೋಗ್ಲಿ. ನಿನ್ನ ಮರ್ಯಾದೆ ನಾಳೆ ವಾಪಸ್ ಬರುತ್ತೆ. ಆ ಮೀನು, ಆ ಹುಡುಗಿ ತಲೇಲಿ ನಲವತ್ತು ವರ್ಷ ನಿದ್ದೆಗೆಟ್ಟು ಓಡಾಡ್ತಾ ಇರುತ್ತೆ."

ಹೋಗಿ ಹೇಳಿ ಬಂದೆ. ನಾನು ಶಿಕ್ಷಕನಾದದ್ದು ಅವತ್ತು ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ.

ನನಗೆ ಯಾರೂ ಕಲಿಸದ ಒಂದು ವಿದ್ಯೆಯೂ ಇತ್ತು. ಮೇಷ್ಟ್ರ ದನಿಯನ್ನು ಅನುಕರಿಸುವುದು. ಮಾತಿನ ನಡುವೆ ಅವರು ಉಸಿರು ಹಿಡಿಯುವ ರೀತಿ, ಕೊನೆಯ ಪದವನ್ನು ಮೆಲ್ಲಗೆ ಇಳಿಸುವ ರೀತಿ, ಎಲ್ಲ ಬರುತ್ತಿತ್ತು. ಮಕ್ಕಳ ಕೂಟ ಪಾರ್ಕಿನ ಹತ್ತಿರದ ಟೀ ಅಂಗಡಿಯಲ್ಲಿ ಗೆಳೆಯರು, "ಮಗಾ, ಮೇಷ್ಟ್ರು ಬರ್ಲಿ" ಎಂದರೆ ಸಾಕು, ಶುರುಮಾಡುತ್ತಿದ್ದೆ.

ಈಗ ಆ ಗುರುವಾರ. ಕಾಲೇಜಿನ ಹಾಲಿನ ಬಾಗಿಲ ಮೇಲೆ ಹಸಿರು ಬಣ್ಣದ ಬೋರ್ಡ್ ಇತ್ತು. ಗುರುವಿನ ಹಿರಿಮೆಯ ಬಗ್ಗೆ ಒಂದು ಮಾತು, ಅದರ ಕೆಳಗೆ 'ಪ್ರವಾದಿ ವಚನ' ಎಂದು. ಅದನ್ನು ಬರೆಸಿದವರು ಟ್ರಸ್ಟಿನ ಅಧ್ಯಕ್ಷರ ತೀರಿಹೋದ ತಂದೆ. ನನ್ನ ನೆನಪಿನಲ್ಲಿ ನಾನು ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದೇನೆ. ಕೆಳಗಿನ ಅಂಗಡಿಯಲ್ಲಿ ಹತ್ತಿ ಬಡಿಯುತ್ತಿದ್ದಾರೆ. ಯಾರೋ ಆ ಬೋರ್ಡಿನ ಮಾತಿಗೆ ಸರಪಳಿ ಏನು ಎಂದು ಕೇಳುತ್ತಾರೆ. ಮೇಷ್ಟ್ರು ಹೇಳುತ್ತಾರೆ: "ಮಾತು ಒಳ್ಳೇದೇ. ಆದ್ರೆ ಇದನ್ನ ಪ್ರವಾದಿಯವರಿಂದ ಕೇಳಿದೋರು ಯಾರೂ ಇಲ್ಲ. ಒಳ್ಳೇ ಮಾತು ಅಂತ ಬರೀರಿ, ಅವರ ಹೆಸರು ಹಾಕ್ಬೇಡಿ." ಆಮೇಲೆ ದನಿ ಇಳಿಸಿ, "ಬರೆಸಿದೋರು ಸುಳ್ಳುಗಾರರು."

ಮುಂದಿನ ವಾರ ನಾನು ಇದನ್ನು ಟೀ ಅಂಗಡಿಯಲ್ಲಿ ಐದಾರು ಸಲ ಮಾಡಿ ತೋರಿಸಿದೆ. ಕೊನೆಯ ವಾಕ್ಯಕ್ಕೆ ಎಲ್ಲರೂ ನಗುತ್ತಿದ್ದರು. ಯಾರ ಬಾಯಿಂದಲೋ ಅದು ಅಧ್ಯಕ್ಷರ ಕಿವಿಗೆ ಬಿತ್ತು.

ಪ್ರಿನ್ಸಿಪಾಲರ ಕೋಣೆಗೆ ನನ್ನನ್ನು ಕರೆಸಿದರು. ಅಧ್ಯಕ್ಷರು ಕೋಪಿಷ್ಠರಲ್ಲ. ಅವತ್ತು ಅವರ ಕಣ್ಣು ಒದ್ದೆಯಾಗಿದ್ದವು. "ನೀನು ಕ್ಲಾಸ್ ಲೀಡರು. ನಿನಗೆ ಗೊತ್ತಿಲ್ದೆ ಇರುತ್ತಾ? ನಮ್ಮ ತಂದೇನ ಸುಳ್ಳುಗಾರ ಅಂದ್ರಾ, ಇಲ್ವಾ?"

"ಅಂದ್ರು" ಎಂದೆ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನು ಕೇಳಿದ್ಯಾ?"

"ಕೇಳ್ದೆ ಮೇಷ್ಟ್ರೇ."

ಅವರ ತೊಡೆಯ ಮೇಲೆ ಆ ಉದ್ದನೆಯ ನೋಟ್‌ಬುಕ್ ಇತ್ತು. ಪುಟ ತಿರುಗಿಸಿ ಒಂದು ಕಡೆ ನಿಲ್ಲಿಸಿದರು. ಓದಿದರು. ಮುಚ್ಚಿದರು.

"ಮೊದಲನೇ ಮಾತು ನಂದು. ಎರಡನೇದು ನಂದಲ್ಲ" ಎಂದರು ಅಧ್ಯಕ್ಷರಿಗೆ.

"ಹುಡುಗ ಕೇಳಿದೀನಿ ಅಂತಾನಲ್ಲ."

"ಅಂತಾನೆ."

"ಅದೇನು ಪುಸ್ತಕ?"

"ಪಾಠದ್ದು."

ನನ್ನ ಹೇಳಿಕೆಯನ್ನು ಬರೆಸಿ ಸಹಿ ಹಾಕಿಸಿಕೊಂಡು, ಕಾರ್ಬನ್ ಪ್ರತಿಯೊಂದನ್ನು ನನಗೂ ಕೊಟ್ಟರು. ವಾರದೊಳಗೆ ಮೇಷ್ಟ್ರು ಹೋದರು. ಬೀಳ್ಕೊಡುಗೆ ಇರಲಿಲ್ಲ. ಉಳಿದ ಮೂರು ತಿಂಗಳು ಬೇರೊಬ್ಬರು ಬಂದು ನೋಟ್ಸ್ ಬರೆಸಿದರು. ನನಗೆ ಪದವಿ ಬಂತು, ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮಾಡಿದೆ. ದಾಖಲೆಯಿಲ್ಲದ ಯಾವುದನ್ನೂ ನಂಬದಿರುವುದನ್ನು ಅಲ್ಲಿ ಕಲಿತೆ ಎಂದುಕೊಂಡಿದ್ದೆ. ನಮಾಜು ಬಿಟ್ಟೆ. ದೇವರನ್ನೂ ಅನುಮಾನಿಸಿದೆ. ಆ ಗುರುವಾರವನ್ನು ಮಾತ್ರ ಅನುಮಾನಿಸಲಿಲ್ಲ.

ಕೆಲವು ವರ್ಷಗಳ ನಂತರ ಮೆಜೆಸ್ಟಿಕ್‌ನಲ್ಲಿ ಹಳೆಯ ಸಹಪಾಠಿಯೊಬ್ಬ ಸಿಕ್ಕ, ಗೊರಕೆಯವನು. ಮೇಷ್ಟ್ರ ವಿಷಯ ಬಂತು.

"ಅವತ್ತು ನೀನೆಲ್ಲಿ ಬಂದಿದ್ಯೋ?" ಎಂದ. "ನಾನೇ ಅಲ್ವಾ ಸಾಯಂಕಾಲ ಟೀ ಅಂಗಡೀಲಿ ನಿನಗೆ ಹೇಳಿದ್ದು?"

"ನಾನು ಕಿಟಕಿ ಪಕ್ಕ ಕೂತಿದ್ದೆ ಗುರು."

"ಕಿಟಕಿ ಪಕ್ಕ ನಾನು. ಆ ಸುಳ್ಳುಗಾರರು ಅನ್ನೋದು ನೀನು ಸೇರಿಸಿದ್ದು. ನಗಿಸೋಕೆ. ಸಖತ್ತಾಗಿ ಮಾಡ್ತಿದ್ದೆ ಬಿಡು."

ಪಾಠದಲ್ಲೆಲ್ಲ ನಿದ್ದೆ ಮಾಡುತ್ತಿದ್ದವನ ಮಾತು ಎಂದು ಬದಿಗಿಡಲು ನೋಡಿದೆ. ಆಗಲಿಲ್ಲ. ಅಂದಿನಿಂದ ಆ ನೆನಪನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೇನೆ. ಕಿಟಕಿ ಇದೆ. ಹತ್ತಿ ಬಡಿಯುವ ಸದ್ದಿದೆ. ಕೊನೆಯ ವಾಕ್ಯ ಬಂದಾಗ ಮೇಷ್ಟ್ರ ಮುಖ ಮಾತ್ರ ಇಲ್ಲ. ದನಿಯಷ್ಟೇ ಇದೆ. ಆ ದನಿ ತೀರ ಚೆನ್ನಾಗಿದೆ, ಮೇಷ್ಟ್ರ ದನಿಗಿಂತ ಚೆನ್ನಾಗಿದೆ.

ಮೇಷ್ಟ್ರನ್ನೇ ಹುಡುಕಿಕೊಂಡು ಹೋದೆ. ಚಾಮರಾಜಪೇಟೆಯಲ್ಲೇ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಪ್ರೂಫ್ ನೋಡುತ್ತಿದ್ದರು. ಮುಂದೆ ಹರಡಿದ್ದ ಲಗ್ನಪತ್ರಿಕೆಯಲ್ಲಿ ಮೂರು ತಲೆಮಾರಿನ ಹೆಸರುಗಳಿದ್ದವು. "ಒಳ್ಳೇ ಕೆಲಸ ಕಣಯ್ಯ" ಎಂದರು. "ಇಲ್ಲಿ ಎಲ್ಲರಿಗೂ ಸರಪಳಿ ಇದೆ. ಇಂಥವರ ಮೊಮ್ಮಗ, ಇಂಥವರ ಮಗ. ನಾನು ಬರೀ ಕಾಗುಣಿತ ನೋಡಿದ್ರೆ ಸಾಕು." ನನ್ನ ಶಾಲೆ, ಮಕ್ಕಳ ಸಂಖ್ಯೆ, ಎಲ್ಲ ವಿಚಾರಿಸಿದರು. ಕೊನೆಗೆ ನಾನೇ ಕೇಳಿದೆ.

"ಅವತ್ತು ನಾನು ಕ್ಲಾಸಲ್ಲಿ ಇದ್ನಾ ಮೇಷ್ಟ್ರೇ?"

ಅವರು ಪೆನ್ನಿನ ಕ್ಯಾಪು ಹಾಕಿದರು. "ನಿನಗೇನು ನೆನಪಿದೆ?"

"ಇದ್ದೆ ಅಂತ."

"ನಾನು ಇದರಲ್ಲಿ ಕಕ್ಷಿದಾರ. ನನಗೆ ಅನುಕೂಲ ಆಗೋ ಉತ್ತರ ಯಾವುದು ಅಂತ ಇಬ್ಬರಿಗೂ ಗೊತ್ತು. ಅದಕ್ಕೇ ನನ್ನ ಸಾಕ್ಷಿ ನೀನು ತಗೋಬಾರದು. ಬೇರೆ ಕಡೆ ವಿಚಾರಿಸು."

ಬಯ್ಯಲಿಲ್ಲ. ಕ್ಷಮಿಸಲೂ ಇಲ್ಲ. ಕ್ಷಮಿಸಬೇಕಾದರೆ ನಾನು ಸುಳ್ಳು ಹೇಳಿದೆನೆಂದು ಅವರು ಮೊದಲು ಹೇಳಬೇಕಾಗಿತ್ತು. ಅವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿ ನೋಟ್‌ಬುಕ್ ಮುಚ್ಚಿದ್ದೂ ಅದಕ್ಕೇ ಇರಬೇಕು. ಆ ಪುಟವನ್ನು ತೋರಿಸಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಶಿಕ್ಷಕನಾಗಲು ಹೊರಟ ಇಪ್ಪತ್ತೊಂದರ ಹುಡುಗ ಸುಳ್ಳುಗಾರನೆಂದು ದಾಖಲಾಗುತ್ತಿದ್ದ. ಇದು ನನ್ನ ಊಹೆ. ಊಹೆಗೆ ಅವರು ಎಷ್ಟು ಬೆಲೆ ಕೊಡುತ್ತಿದ್ದರೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಅವರು ತೀರಿಕೊಂಡ ಸುದ್ದಿ ನನಗೆ ಎರಡು ತಿಂಗಳು ತಡವಾಗಿ ತಲುಪಿತು. ಆಜಾದ್ ನಗರದ ಮನೆಗೆ ಹೋದೆ. ಮಗಳು ಬಾಗಿಲು ತೆರೆದರು. ನೋಟ್‌ಬುಕ್‌ಗಳ ಬಗ್ಗೆ ವಿಚಾರಿಸಿದೆ.

"ಮೂವತ್ತೋ ಮೂವತ್ತೈದೋ ಇದ್ವು. ಹಳೇ ಮನೆ ಖಾಲಿ ಮಾಡುವಾಗ ಅಪ್ಪಾನೇ ರದ್ದಿಗೆ ಹಾಕಿಸಿದ್ರು" ಎಂದರು. ನಾನು ಹೊರಡುವಾಗ, "ಪ್ರೆಸ್ಸಿಗೆ ಬಂದಿದ್ದೋರು ನೀವೇ ಅಲ್ವಾ? ಅವನು ಚೆನ್ನಾಗಿ ಪಾಠ ಮಾಡ್ತಾನೆ ಅಂತಿದ್ರು."

ನಾನು ಪಾಠ ಮಾಡುವುದನ್ನು ಅವರು ಕಾಲೇಜು ಬಿಟ್ಟ ಮೇಲೆ ಒಂದು ದಿನವೂ ನೋಡಿರಲಿಲ್ಲ. ಯಾರಿಂದ ಕೇಳಿದರೋ.

ಕಾಲೇಜಿನ ಹಾಜರಿ ಪುಸ್ತಕವನ್ನು ನೋಡಿದೆ. ಆ ಗುರುವಾರ ನಾನು ಹಾಜರಿದ್ದೇನೆ. ಆದರೆ ಕ್ಲಾಸ್ ಲೀಡರಾಗಿ ಶನಿವಾರಕ್ಕೊಮ್ಮೆ ಇಡೀ ವಾರದ ಹಾಜರಿಯನ್ನು ತುಂಬುತ್ತಿದ್ದವನು ನಾನೇ; ಅಕ್ಷರವೂ ನನ್ನದೇ. ಅದು ಸಾಕ್ಷಿಯಲ್ಲ. ಆಗ ನೆನಪಾದದ್ದು, ಆ ತಿಂಗಳು ಗೆಳೆಯನೊಬ್ಬನಿಗೆ ಕಾಮಾಲೆಯಾಗಿ, ಅವನ ಬದಲು ನಾನೊಂದು ದಿನ ಹನುಮಂತನಗರದ ಶಾಲೆಯೊಂದಕ್ಕೆ ಅಭ್ಯಾಸ ಪಾಠಕ್ಕೆ ಹೋಗಿದ್ದೆ ಎಂಬುದು. ಯಾವ ದಿನ ಎಂದು ಮಾತ್ರ ತಿಳಿಯಲಿಲ್ಲ.

ನನ್ನ ಹೇಳಿಕೆಯ ಕಾರ್ಬನ್ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಬೀರುವಿನ ತಳದಿಂದ, ಅಭ್ಯಾಸ ಪಾಠಕ್ಕೆ ಬಂದವರು ಸಹಿ ಹಾಕುತ್ತಿದ್ದ ಹಳೆಯ ರಿಜಿಸ್ಟರ್ ಒಂದನ್ನು ತೆಗೆಸಿ, "ನೋಡ್ಕೊಳಿ, ಧೂಳು ಜಾಸ್ತಿ ಇದೆ" ಎಂದರು. ಹೇಳಿಕೆಯಲ್ಲಿ ಮೇಷ್ಟ್ರು ಆ ಮಾತು ಹೇಳಿದ್ದು ಗುರುವಾರ ಹನ್ನೊಂದು ಗಂಟೆಯ ಪೀರಿಯಡ್ಡಿನಲ್ಲಿ ಎಂದು ತಾರೀಖಿನ ಸಮೇತ ಇದೆ. ರಿಜಿಸ್ಟರಿನಲ್ಲಿ ಅದೇ ತಾರೀಖಿನ ಮುಂದೆ ನಾಲ್ಕನೇ ತರಗತಿ ಎಂದಿತ್ತು. ಬಂದ ಸಮಯ ಹತ್ತು ಗಂಟೆ, ಹೋದ ಸಮಯ ಹನ್ನೆರಡೂವರೆ. ಸಹಿ ನನ್ನದು.